ಇಇ-8 ಫೀಲ್ಡ್ ಟೆಲಿಫೋನ್: ತಿರುಪು ಬಿಚ್ಚುವ ಮೊದಲು ಏನೇನು ನೋಡಬೇಕು?

#1 ಸಂತೆಪೇಟೆ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಮಿಲಿಟರಿ ಫೀಲ್ಡ್ ಫೋನುಗಳಿವೆ. ಒಂದು ಅಮೆರಿಕನ್ ಇಇ-8, ಕಂದು ಚರ್ಮದ ಚೀಲದ್ದು. ಇನ್ನೊಂದು ಕಪ್ಪು ಬೇಕಲೈಟ್ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್) ಪೆಟ್ಟಿಗೆ. ಮಾರಿದವರ ಪ್ರಕಾರ ಎರಡನೇ ಮಹಾಯುದ್ಧದ ಜರ್ಮನ್ ಮಾಲು.

ಇಇ-8ರ ಸ್ಥಿತಿ: ಸೆಲ್ ಕೂರುವ ಜಾಗದಲ್ಲಿ ಬಿಳಿ-ಹಸಿರು ಹೊಪ್ಪಳೆ. ಹ್ಯಾಂಡ್‌ಸೆಟ್ಟಿನ ಕಾರ್ಡ್ (ಅದರ ವೈರು) ಮುಟ್ಟಿದರೆ ರಬ್ಬರ್ ಉದುರುತ್ತದೆ. ಕ್ರ್ಯಾಂಕ್ (ಗಂಟೆ ಬಡಿಸಲು ಸುತ್ತುವ ಹಿಡಿ) ಸಲೀಸಾಗಿ ಸುತ್ತುತ್ತದೆ, ಆದರೆ ಲೈನಿನ ತುದಿ ಮುಟ್ಟಿದರೆ ಸಣ್ಣದಾಗಿ ಚುರುಕ್ ಅನ್ನುತ್ತದೆ ಅಷ್ಟೆ. ಎರಡನ್ನೂ ಇನ್ನೂ ಬಿಚ್ಚಿಲ್ಲ.

ಇವೆರಡೂ ಒಂದೇ ತಂತಿಯ ಮೇಲೆ ಮಾತಾಡಬೇಕು, ಹಳೆಯತನವೂ ಕೆಡಬಾರದು. ಯಾವ ಕ್ರಮದಲ್ಲಿ ಪರೀಕ್ಷಿಸಲಿ?

#2 ಹಳೇಸರಕು

ಬಿಚ್ಚದೆ ಕೇಳಿದ್ದು ಒಳ್ಳೆಯದಾಯಿತು. ಮೊದಲು ಫೋಟೊ: ಆರು ಮುಖ, ಮುಚ್ಚಳದ ಒಳಬದಿ, ಪ್ರತಿಯೊಂದು ಮುದ್ರೆ, ಪ್ರತಿಯೊಂದು ತಿರುಪಿನ ತಲೆ. ತಿರುಪಿನ ಸೀಳನ್ನು ಭೂತಗನ್ನಡಿಯಲ್ಲಿ ನೋಡಿ. ಸೀಳಿನ ಅಂಚು ಚೂಪಾಗಿದ್ದು ವಾರ್ನಿಷ್ ಒಡೆಯದೆ ಇದ್ದರೆ ಒಳಗೆ ಯಾರೂ ಕೈ ಹಾಕಿಲ್ಲ. ಸಂಗ್ರಹದ ದೃಷ್ಟಿಯಿಂದ ಹೊರಗಿನ ಪಾಲಿಶ್‌ಗಿಂತ ಇದಕ್ಕೇ ಬೆಲೆ ಹೆಚ್ಚು.

ಆಮೇಲೆ ನೇಮ್‌ಪ್ಲೇಟ್. ಅಲ್ಲಿ ಆರ್ಡರ್ ನಂಬರ್ ಇರುತ್ತದೆ: ಮೊದಲು ಅಂಕಿ, ನಡುವೆ "ಫಿಲಾ" ಎಂಬಂಥ ಊರಿನ ಚುಟುಕು (ಫಿಲಡೆಲ್ಫಿಯಾ ಖರೀದಿ ಕಚೇರಿಯದು), ಕೊನೆಯಲ್ಲಿ 43 ಅಥವಾ 44 ಎಂಬ ಎರಡಂಕಿ. ಅದು ಆರ್ಡರ್ ಕೊಟ್ಟ ವರ್ಷ. ಮಾಲು ಮುಂದಿನ ವರ್ಷವೂ ತಯಾರಾಗಿರಬಹುದು, ಹಾಗಾಗಿ "1943ರಲ್ಲಿ ತಯಾರಾದದ್ದು" ಎಂದು ಬರೆದುಬಿಡಬೇಡಿ, "1943ರ ಆರ್ಡರ್" ಅನ್ನಿ.

ಒಳಗಿನ ಭಾಗಗಳಿಗೂ ತಮ್ಮದೇ ಸಂಖ್ಯೆ ಉಂಟು. ಹ್ಯಾಂಡ್‌ಸೆಟ್ ಟಿಎಸ್-9, ಕೈಜನರೇಟರ್ ಜಿಎನ್-38. ಇವು ತಾಳೆಯಾದರೆ ಸಾಕು, ತಯಾರಕರ ಹೆಸರು ಒಂದೇ ಇರಬೇಕೆಂದಿಲ್ಲ. ರಿಪೇರಿ ಡಿಪೊಗಳಲ್ಲಿ ಭಾಗಗಳನ್ನು ಅದಲುಬದಲು ಮಾಡುವುದು ನಿತ್ಯದ ಕೆಲಸವಾಗಿತ್ತು. ಬೇರೆ ಬೇರೆ ಹೆಸರು ಕಂಡರೆ ಅದು ಮೋಸವಲ್ಲ, ಆ ಫೋನು ಸೇವೆ ಮಾಡಿದ್ದಕ್ಕೆ ಗುರುತು.

ಚೀಲ ಮೊದಲಿಗೆ ಚರ್ಮದ್ದು, ಆಮೇಲೆ ಕ್ಯಾನ್ವಾಸ್ ಬಂತು. ಕೊರಿಯಾ, ವಿಯೆಟ್ನಾಂ ಯುದ್ಧಗಳಲ್ಲೂ ಇಇ-8 ಓಡಿದ್ದರಿಂದ ಕ್ಯಾನ್ವಾಸ್ ಚೀಲ ನೋಡಿದ ಮಾತ್ರಕ್ಕೆ ಎರಡನೇ ಮಹಾಯುದ್ಧ ಎನ್ನಲಾಗದು. ನಮ್ಮ ಕಡೆ ಇವು ಸಿಗುವುದಕ್ಕೆ ಕಾರಣ ಬರ್ಮಾ ರಂಗ. ಅಸ್ಸಾಮಿನ ಲೇಡೋದಿಂದ ರಸ್ತೆ ಕಡಿಯುತ್ತಾ ಹೋದ ಅಮೆರಿಕನ್ ಸೇನೆ ಜೊತೆಗೇ ಟೆಲಿಫೋನ್ ಲೈನನ್ನೂ ಎಳೆಯಿತು. 1945ರ ನಂತರ ಆ ಸರಕು ಬಹಳಷ್ಟು ಇಲ್ಲೇ ಉಳಿಯಿತು.

ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆದು ಒಳಬದಿಯ ಬರಹ ಯಾವ ಲಿಪಿಯಲ್ಲಿದೆ ನೋಡಿ ಹೇಳಿ.

#3 ಸಂತೆಪೇಟೆ

ಮುಚ್ಚಳದಲ್ಲಿ ಕಾಗದ ಹರಿದುಹೋಗಿದೆ. ಆದರೆ ಲೈನ್ ತಿರುಪುಗಳ ಪಕ್ಕದ ಅಕ್ಷರ ಇಂಗ್ಲಿಷ್ ಎಲ್ ಅಲ್ಲ. ಮೇಲೆ ಮನೆಯ ಮಾಡಿನ ಹಾಗೆ ಕೂಡಿದ ಎರಡು ಕಾಲಿನ ಅಕ್ಷರ. ಮೂಲೆಯಲ್ಲಿ 1944 ಎಂದಿದೆ.

#4 ಹಳೇಸರಕು

ಹಾಗಾದರೆ ಅದು ಜರ್ಮನ್ ಅಲ್ಲ, ಸೋವಿಯತ್ ಟಿಎಐ-43. ಆ ಅಕ್ಷರ ಸಿರಿಲಿಕ್ (ರಷ್ಯನ್ ಲಿಪಿಯ) ಎಲ್. ಜರ್ಮನರ ಎಫ್‌ಎಫ್ 33 ಮಾದರಿಯನ್ನು ಮುಂದಿಟ್ಟುಕೊಂಡು 1943ರಲ್ಲಿ ಸೋವಿಯತ್ ಸೇನೆ ತಂದ ಫೋನ್ ಇದು. ಅಳತೆ, ಕ್ರ್ಯಾಂಕಿನ ಜಾಗ, ಹ್ಯಾಂಡ್‌ಸೆಟ್ ಮಲಗುವ ರೀತಿ ಎಲ್ಲವೂ ಅವಳಿಜವಳಿಯಂತೆ. ಮಾರುವವರು ಅದಕ್ಕೇ ಎಡವುತ್ತಾರೆ, ಕೆಲವರು ಬೇಕೆಂದೇ ಎಡವುತ್ತಾರೆ.

ನಿಜವಾದ ಎಫ್‌ಎಫ್ 33ರಲ್ಲಿ ಲೈನ್ ತುದಿಗಳಿಗೆ "ಎಲ್‌ಎ" ಮತ್ತು "ಎಲ್‌ಬಿ/ಇ" ಎಂದು ರೋಮನ್ ಅಕ್ಷರ, ಮುಚ್ಚಳದಲ್ಲಿ ಫೋನಿನಲ್ಲಿ ಅಕ್ಷರ ಬಿಡಿಸಿ ಹೇಳಲು ಆಂಟನ್, ಬರ್ಟಾ ಎಂದು ಶುರುವಾಗುವ ಅಕ್ಷರಪಟ್ಟಿ, ಅಲ್ಲಲ್ಲಿ ಹದ್ದಿನ ಪರಿಶೀಲನಾ ಮುದ್ರೆ ಇರುತ್ತದೆ. 1940ರ ಆಸುಪಾಸಿನಿಂದ ಕಂಪನಿ ಹೆಸರಿನ ಬದಲು ಎರಡು-ಮೂರು ಸಣ್ಣಕ್ಷರದ ಸಂಕೇತ. ಈಗೀಗ ಹದ್ದಿನ ಮುದ್ರೆಯನ್ನು ಹೊಸದಾಗಿ ಒತ್ತಿ ಮಾರುತ್ತಾರೆ. ಹಳೆಯ ಮುದ್ರೆಯ ಗುಳಿಯಲ್ಲಿ ಪಕ್ಕದ ಮೈಯಲ್ಲಿರುವಷ್ಟೇ ಕೊಳೆ, ಅಷ್ಟೇ ಮಾಸಲು ಬಣ್ಣ ಇರಬೇಕು. ಗುಳಿಯೊಳಗೆ ಹೊಳಪಿದ್ದರೆ, ಅಂಚಿನಲ್ಲಿ ಬೇಕಲೈಟ್ ಬಿಳಿಚಿ ಸೀಳಿದ್ದರೆ ಅನುಮಾನಿಸಿ.

ಜರ್ಮನ್ ಬೆಲೆ ಕೊಟ್ಟಿದ್ದರೆ ಹಿಂದಕ್ಕೆ ಮಾತಾಡಿ. ವಸ್ತುವಾಗಿ ಮಾತ್ರ ಟಿಎಐ-43 ಕೀಳೇನಲ್ಲ. ಗಟ್ಟಿ ಫೋನು.

#5 ತಾಮ್ರದತಂತಿ

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಎರಡೂ ಲೋಕಲ್ ಬ್ಯಾಟರಿ ಜಾತಿ. ಮಾತಿನ ಕರೆಂಟು ಆಯಾ ಫೋನಿನ ಸೆಲ್ಲಿನದು, ಗಂಟೆಯ ಕರೆಂಟು ಕ್ರ್ಯಾಂಕಿನದು. ಎರಡು ದೇಶದ ಫೋನಾದರೂ ಎರಡೇ ತಂತಿಯಲ್ಲಿ ಕೂಡಿಸಿದರೆ ಮಾತಾಡುತ್ತವೆ, ಲೈನಿನಲ್ಲಿ ಪ್ಲಸ್ ಮೈನಸ್ ನೋಡಬೇಕಿಲ್ಲ.

ಇಇ-8ರ ಪ್ಯಾನೆಲ್ಲಿನಲ್ಲಿ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಒಂದು ಸ್ವಿಚ್ ಇದೆ, ಎಲ್‌ಬಿ ಮತ್ತು ಸಿಬಿ ಎಂದು ಗುರುತು. ಅದು ಎಲ್‌ಬಿಯಲ್ಲಿರಲಿ. ಸಿಬಿ ಎಂದರೆ ಎಕ್ಸ್‌ಚೇಂಜ್ ಕಡೆಯಿಂದ ಕರೆಂಟು ಬರುವ ವ್ಯವಸ್ಥೆ. "ಎಲ್ಲಾ ಸರಿ ಇದೆ, ಮಾತು ಮಾತ್ರ ಹೋಗ್ತಿಲ್ಲ" ಎಂದು ಬರುವ ಇಇ-8ಗಳಲ್ಲಿ ಮೊದಲು ನೋಡಬೇಕಾದ್ದು ಈ ಸ್ವಿಚ್ಚನ್ನೇ. ಎರಡನೆಯದು ಹ್ಯಾಂಡ್‌ಸೆಟ್ ಹಿಡಿಯ ಒತ್ತುಪಟ್ಟಿ. ಅದನ್ನು ಒತ್ತಿ ಹಿಡಿದರೆ ಮಾತ್ರ ಮೈಕಿಗೆ ಸೆಲ್ಲಿನ ಸಂಪರ್ಕ. ಬಿಟ್ಟರೆ ಕೇಳಿಸುತ್ತದೆ, ಮಾತು ಹೋಗುವುದಿಲ್ಲ.

ಇನ್ನು ಸೆಲ್ ಜಾಗದ ಹೊಪ್ಪಳೆ. ಹಳೆಯ ಕಾಲದ ಸತು-ಇಂಗಾಲದ ಸೆಲ್ ಸೋರಿದರೆ ಉಳಿಯುವುದು ಆಮ್ಲೀಯ ಲವಣ. ಅದಕ್ಕೆ ಅಡುಗೆ ಸೋಡಾ: ಒಂದು ಲೋಟ ನೀರಿಗೆ ಒಂದು ಚಮಚ. ಇತ್ತೀಚೆಗೆ ಯಾರಾದರೂ ಆಲ್ಕಲೈನ್ ಸೆಲ್ ಹಾಕಿ ಮರೆತಿದ್ದರೆ ಸೋರಿದ್ದು ಕ್ಷಾರ, ಅದಕ್ಕೆ ನೀರು ಬೆರೆಸಿದ ನಿಂಬೆರಸ ಅಥವಾ ವಿನೆಗರ್. ಯಾವುದೆಂದು ತಿಳಿಯದಿದ್ದರೆ ಚೂರು ಹೊಪ್ಪಳೆಯನ್ನು ಒದ್ದೆ ಲಿಟ್ಮಸ್ ಕಾಗದಕ್ಕೆ ತಾಗಿಸಿ, ಬಣ್ಣ ಹೇಳುತ್ತದೆ. ಒಣಗಿರುವಾಗಲೇ ಬಿದಿರು ಕಡ್ಡಿಯಿಂದ ಎಬ್ಬಿಸಿ, ಪುಡಿ ಒಳಗಿನ ವೈರಿಂಗಿಗೆ ಬೀಳದಂತೆ ಪೆಟ್ಟಿಗೆಯನ್ನು ತಲೆಕೆಳಗು ಹಿಡಿದು. ದ್ರಾವಣವನ್ನು ಇಯರ್‌ಬಡ್‌ಗೆ ಅದ್ದಿ ಒರೆಸಿ, ಸುರಿಯಬೇಡಿ. ಆಮೇಲೆ ಬರೀ ನೀರಿನ ಬಡ್, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಡ್, ಒಂದು ದಿನ ಒಣಗಲು ಬಿಡಿ. ಸ್ಪ್ರಿಂಗ್ ಸಂಪರ್ಕಗಳಿಗೆ ಉಪ್ಪುಕಾಗದ ಹಾಕಬೇಡಿ. ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಕಿಲುಬು.

ಸೆಲ್ ಸುಲಭ: ಇಇ-8ಗೆ ಎರಡು ದೊಡ್ಡ ಟಾರ್ಚ್ ಸೆಲ್, ಡಿ ಸೈಜ್, ಒಟ್ಟು 3 ವೋಲ್ಟ್. ಪರೀಕ್ಷೆ ಮುಗಿದ ದಿನವೇ ಹೊರಗೆ ತೆಗೆಯಿರಿ.

#6 ರೀಲು_ಮೈಲು

ಅಂಗಡಿಯಲ್ಲೇ, ಮೀಟರ್ ಇಲ್ಲದೆ ಜನರೇಟರ್ ನೋಡುವ ಬಗೆ: ಲೈನಿನ ಎರಡು ತಿರುಪುಗಳ ನಡುವೆ ಏನೂ ಇಲ್ಲದೆ ಕ್ರ್ಯಾಂಕ್ ಸುತ್ತಿ, ಹಗುರವಾಗಿರಬೇಕು. ಈಗ ಒಂದು ತುಂಡು ತಂತಿಯಿಂದ ಎರಡನ್ನೂ ಕೂಡಿಸಿ ಸುತ್ತಿ. ಕೈಗೆ ಸ್ಪಷ್ಟವಾಗಿ ಭಾರ ಗೊತ್ತಾಗಬೇಕು, ಕೆಸರಲ್ಲಿ ಸುತ್ತಿದ ಹಾಗೆ.

ಕೂಡಿಸಿದಾಗಲೂ ಹಗುರವಾದರೆ ಕರೆಂಟು ಹೊರಗೆ ಬರುತ್ತಿಲ್ಲ. ಕೂಡಿಸದೆಯೇ ಭಾರವಾದರೆ ಒಳಗೆಲ್ಲೋ ಶಾರ್ಟ್, ಇಲ್ಲವೇ ಗ್ರೀಸ್ ಗಟ್ಟಿಯಾಗಿದೆ. ಗ್ರೀಸಿನ ಭಾರ ಒಂದೇ ಸಮ ಇರುತ್ತದೆ, ಕರೆಂಟಿನ ಭಾರ ಜೋರಾಗಿ ಸುತ್ತಿದಷ್ಟೂ ಏರುತ್ತದೆ.

ಯಾವಾಗಲೂ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಿ. ಹಿಂದಕ್ಕೆ ತಿರುಗಿಸಿದರೆ ಕೆಲವು ಮಾದರಿಗಳಲ್ಲಿ ಕ್ರ್ಯಾಂಕೇ ತಿರುಪಿನ ಹಾಗೆ ಬಿಚ್ಚಿಕೊಂಡು ಕೈಗೆ ಬರುತ್ತದೆ.

#7 ತಾಮ್ರದತಂತಿ

ಅದಕ್ಕೆ ಮೀಟರಿನ ಲೆಕ್ಕ ಸೇರಿಸುತ್ತೇನೆ. ಸೆಕೆಂಡಿಗೆ ಸುಮಾರು ಮೂರು ಸುತ್ತು ಸುತ್ತಿದರೆ ಹಲ್ಲುಚಕ್ರದ ಏರಿಕೆಯಿಂದ 16ರಿಂದ 20 ಹರ್ಟ್ಸಿನ ಎಸಿ ಬರುತ್ತದೆ. ತೆರೆದ ತುದಿಯಲ್ಲಿ 60ರಿಂದ 100 ವೋಲ್ಟ್ ಕಂಡರೆ ಸರಿ. ಅಗ್ಗದ ಮೀಟರುಗಳು 50 ಹರ್ಟ್ಸಿಗೆ ಮಾಡಿದವು, 20 ಹರ್ಟ್ಸಿನಲ್ಲಿ ಕಮ್ಮಿ ತೋರಿಸುತ್ತವೆ. ಹಾಗಾಗಿ ಒಂದೇ ಮೀಟರಿನಲ್ಲಿ ಒಂದಕ್ಕೊಂದು ಹೋಲಿಸಿ, ಅಂಕಿಯನ್ನು ಪವಿತ್ರ ಎಂದುಕೊಳ್ಳಬೇಡಿ.

ತೆರೆದ ತುದಿಯ ವೋಲ್ಟೇಜ್ ಒಂದರಿಂದಲೇ ಏನೂ ತಿಳಿಯುವುದಿಲ್ಲ. 2.2 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಒಂದನ್ನು ಲೈನ್ ತಿರುಪುಗಳ ನಡುವೆ ಹಾಕಿ ಮತ್ತೆ ಅಳೆಯಿರಿ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಕೈಗೆ ಸಿಗುವ ಸಾಮಾನು. ಆರೋಗ್ಯವಂತ ಜನರೇಟರ್ ಈ ಭಾರಕ್ಕೆ ಸ್ವಲ್ಪವೇ ಬಗ್ಗಬೇಕು.

ಎಚ್ಚರಿಕೆ: ಈ ವೋಲ್ಟೇಜ್ ಕೈಗೆ ಚೆನ್ನಾಗಿ ಹೊಡೆಯುತ್ತದೆ. ತಿರುಪು ಮುಟ್ಟಿಕೊಂಡು ಪರೀಕ್ಷೆ ಬೇಡ, ಮಕ್ಕಳ ಕೈಗೆ ತುದಿ ಕೊಟ್ಟು ಸುತ್ತುವ ಆಟವಂತೂ ಬೇಡವೇ ಬೇಡ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ದೂರವಿರಲಿ. ಮನೆಯ ಲ್ಯಾಂಡ್‌ಲೈನಿಗೋ ಫೈಬರ್ ಮೋಡೆಮ್ಮಿನ ಫೋನ್ ತೂತಿಗೋ ಜೋಡಿಸಿ ಕ್ರ್ಯಾಂಕ್ ಸುತ್ತಬಾರದು, ಆ ಕಡೆಯ ಐಸಿ ಸುಟ್ಟುಹೋಗುತ್ತದೆ.

#8 ಸಂತೆಪೇಟೆ

ಸೆಲ್ ಜಾಗ ಶುಚಿಯಾಯಿತು, ಲಿಟ್ಮಸ್ ಕೆಂಪಾಯಿತು, ಸೋಡಾದಿಂದಲೇ ಬಿಟ್ಟುಕೊಂಡಿತು. ಸ್ವಿಚ್ ಎಲ್‌ಬಿಯಲ್ಲೇ ಇದೆ. ಅಳತೆಗಳು:

ಟಿಎಐ-43: ತೆರೆದು 82 ವೋಲ್ಟ್, ರೆಸಿಸ್ಟರ್ ಹಾಕಿ 63.
ಇಇ-8: ತೆರೆದು 71, ರೆಸಿಸ್ಟರ್ ಹಾಕಿದರೆ 12.

ಇಇ-8ರಲ್ಲಿ ತಂತಿ ಕೂಡಿಸಿ ಸುತ್ತಿದರೂ ಭಾರ ಗೊತ್ತಾಗುತ್ತಿಲ್ಲ. ಆಯಸ್ಕಾಂತ ಸೋತಿದೆಯೇ? ಜನರೇಟರ್ ಬಿಚ್ಚಿ ಮತ್ತೆ ಮ್ಯಾಗ್ನೆಟೈಸ್ ಮಾಡಿಸಬೇಕೇ?

#9 ತಾಮ್ರದತಂತಿ

ಬಿಚ್ಚಬೇಡಿ. ದಯವಿಟ್ಟು ಜನರೇಟರ್ ಬಿಚ್ಚಬೇಡಿ.

ಆರ್ಮೇಚರನ್ನು (ಜನರೇಟರಿನೊಳಗೆ ತಿರುಗುವ ಸುರುಳಿಯ ಭಾಗ) ಆಯಸ್ಕಾಂತದ ಬಾಯಿಂದ ಹೊರಗೆ ಎಳೆದ ಕ್ಷಣವೇ ಆಯಸ್ಕಾಂತದ ಬಲ ಒಂದಷ್ಟು ಹೋಗುತ್ತದೆ. ಕಬ್ಬಿಣದ ದಾರಿ ಕಡಿದರೆ ತನ್ನನ್ನು ತಾನೇ ದುರ್ಬಲ ಮಾಡಿಕೊಳ್ಳುವುದು ಅದರ ಗುಣ. ಮತ್ತೆ ಒಳಗೆ ಹಾಕಿದರೂ ಹೋದದ್ದು ಬರುವುದಿಲ್ಲ. ಚೆನ್ನಾಗಿದ್ದ ಜನರೇಟರುಗಳು ಹೀಗೆ "ಸರ್ವಿಸ್" ಆಗಿಯೇ ಕೆಡುತ್ತವೆ.

ಸೋತ ಆಯಸ್ಕಾಂತವಾಗಿದ್ದರೆ ತೆರೆದ ತುದಿಯಲ್ಲೂ ವೋಲ್ಟೇಜ್ ಬಿದ್ದಿರಬೇಕಿತ್ತು. ನಿಮ್ಮದು 71 ಇದೆ. ಭಾರ ಹಾಕಿದಾಗ ಮಾತ್ರ ಕುಸಿಯುತ್ತಿದೆ ಎಂದರೆ ದಾರಿಯಲ್ಲಿ ಎಲ್ಲೋ ದೊಡ್ಡ ಅಡ್ಡಿ ಕೂತಿದೆ. ಲೆಕ್ಕ ನೋಡಿ: 2,200 ಓಮಿನ ಮೇಲೆ 12 ವೋಲ್ಟ್ ಎಂದರೆ ಹರಿಯುತ್ತಿರುವುದು 5.5 ಮಿಲಿಆಂಪ್. ಉಳಿದ ಸುಮಾರು 59 ವೋಲ್ಟ್ ಆ ಅಡ್ಡಿಯಲ್ಲಿ ಕಳೆದುಹೋಗುತ್ತಿದೆ. 59ನ್ನು 5.5 ಮಿಲಿಆಂಪಿನಿಂದ ಭಾಗಿಸಿದರೆ ಸುಮಾರು ಹತ್ತೂಮುಕ್ಕಾಲು ಕಿಲೋ ಓಮ್. ತಾಮ್ರದ ತಂತಿ ಹತ್ತು ಸಾವಿರ ಓಮ್ ಆಗುವುದಿಲ್ಲ. ಕೊಳೆ ಹಿಡಿದ ಸಂಪರ್ಕ ಆಗುತ್ತದೆ.

ಕ್ರ್ಯಾಂಕಿನ ದಂಡದ ತುದಿಯಲ್ಲಿ ಎಲೆಯಂಥ ಸ್ಪ್ರಿಂಗುಗಳ ಗುಂಪು ಇರುತ್ತದೆ. ಸುಮ್ಮನಿರುವಾಗ ಅದು ಜನರೇಟರನ್ನು ಲೈನಿನಿಂದ ಬೇರೆ ಇಡುತ್ತದೆ, ಮಾತು ಅದರ ಸುರುಳಿಯಲ್ಲಿ ಸೋರದಿರಲಿ ಎಂದು. ಸುತ್ತಲು ಶುರು ಮಾಡಿದ ಕೂಡಲೇ ದಂಡ ಸ್ವಲ್ಪ ಜರುಗಿ ಎಲೆಗಳು ಕೂಡಿ ಜನರೇಟರ್ ಲೈನಿಗೆ ಬರುತ್ತದೆ. ಈ ಎಲೆಗಳೇ ಮೊದಲ ಅನುಮಾನ.

ಖಚಿತಪಡಿಸಿಕೊಳ್ಳುವ ಬಗೆ: ರೆಸಿಸ್ಟರ್ ಲೈನ್ ತಿರುಪಿನಲ್ಲೇ ಇರಲಿ. ಮೀಟರಿನ ಮುಳ್ಳುಗಳನ್ನು ಜನರೇಟರಿನ ಸ್ವಂತ ಸೋಲ್ಡರ್ ತುದಿಗಳಿಗೆ ಇಟ್ಟು ಇನ್ನೊಬ್ಬರಿಂದ ಸುತ್ತಿಸಿ. ಅಲ್ಲಿ 70ರ ಹತ್ತಿರ ತೋರಿಸಿ ತಿರುಪಿನಲ್ಲಿ 12 ತೋರಿಸಿದರೆ ದೋಷ ಇವೆರಡರ ನಡುವೆ.

#10 ಹಳೇಸರಕು

ಅದಕ್ಕಾಗಿ ಚಾಸಿ (ಒಳಗಿನ ಚೌಕಟ್ಟು) ಎತ್ತಬೇಕಾದರೆ: ಕ್ರ್ಯಾಂಕ್ ಚೀಲದ ಪಕ್ಕದ ತೂತಿನಿಂದ ಹೊರಗೆ ಬಂದಿರುವುದರಿಂದ ಅದನ್ನು ಮೊದಲು ಬಿಡಿಸಿ. ಬಿಡಿಸದೆ ಎಳೆದರೆ ಚರ್ಮದ ತೂತು ಹರಿಯುತ್ತದೆ, 80 ವರ್ಷದ ಚರ್ಮಕ್ಕೆ ಹೊಲಿಗೆ ನಿಲ್ಲುವುದಿಲ್ಲ. ಸೀಳಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ಬಳಸಿ. ತೆಗೆದ ತಿರುಪುಗಳನ್ನು ರಟ್ಟಿನ ಮೇಲೆ ಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚಿಡಿ.

ಒಳಗೆ ತಂತಿಗಳ ಮೇಲೆಲ್ಲ ಹಳದಿ ಛಾಯೆಯ ವಾರ್ನಿಷ್ ಕಂಡರೆ, ಎಂಎಫ್‌ಪಿ ಎಂಬ ಮುದ್ರೆ ಕಂಡರೆ, ಸಂತೋಷಪಡಿ. ತೇವ ಮತ್ತು ಬೂಷ್ಟು ತಡೆಯಲು ಉಷ್ಣವಲಯಕ್ಕೆ ಹೋಗುವ ಸಾಮಾನಿಗೆ ಹಚ್ಚುತ್ತಿದ್ದ ಲೇಪ ಅದು. ಪಕ್ಕದಲ್ಲಿ ತಾರೀಖೂ ಇರುತ್ತದೆ, ಇತಿಹಾಸಕ್ಕೆ ಆರ್ಡರ್ ನಂಬರಿಗಿಂತ ಹತ್ತಿರದ ಸಾಕ್ಷಿ. ಬೂಷ್ಟು ಕೊಲ್ಲುವ ವಿಷ ಅದರಲ್ಲಿ ಬೆರೆತಿದೆ. ಕೆರೆಯಬೇಡಿ, ಬೆಸುಗೆ ಕಡ್ಡಿ ತಾಗಿಸಿ ಹೊಗೆ ಕುಡಿಯಬೇಡಿ, ಕೆಲಸವಾದ ಮೇಲೆ ಕೈ ತೊಳೆಯಿರಿ.

#11 ಸಂತೆಪೇಟೆ

ಎಂಎಫ್‌ಪಿ ಮುದ್ರೆ ಇದೆ! ಜನರೇಟರ್ ತುದಿಯಲ್ಲಿ 70, ತಿರುಪಿನಲ್ಲಿ 12. ಎಲೆಗಳ ಸಂಪರ್ಕಬಿಂದು ಕಪ್ಪಾಗಿವೆ, ಒಂದರ ಅಂಚಿಗೆ ಅದೇ ವಾರ್ನಿಷ್ ಹನಿಯಾಗಿ ಹರಿದಂತಿದೆ.

#12 ತಾಮ್ರದತಂತಿ

ಅದೇ. ಅರ ಬೇಡ, ಉಪ್ಪುಕಾಗದ ಬೇಡ. ವಿಸಿಟಿಂಗ್ ಕಾರ್ಡಿನಂಥ ಗಟ್ಟಿ, ಮಿರುಗಿಲ್ಲದ ಕಾಗದವನ್ನು ಎಂಟು ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ. ಐಸೊಪ್ರೊಪೈಲ್‌ನಲ್ಲಿ ತುದಿ ಅದ್ದಿ, ಎಲೆಗಳ ನಡುವೆ ತೂರಿಸಿ, ಮೇಲಿನ ಎಲೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ ಹಿಡಿದು ಕಾಗದವನ್ನು ಎಳೆಯಿರಿ. ಕಪ್ಪು ಗೆರೆ ಬರುತ್ತದೆ. ಕಾಗದ ಬದಲಿಸಿ ಮತ್ತೆ. ಗೆರೆ ಬರುವುದು ನಿಂತ ಮೇಲೆ ಒಣ ಕಾಗದದಿಂದ ಎರಡು ಸಲ. ವಾರ್ನಿಷ್ ಹನಿಗೆ ಎರಡು ನಿಮಿಷ ಒದ್ದೆ ಕಾಗದ ಹಾಗೇ ಬಿಡಿ, ಮೆದುವಾಗಬಹುದು.

ಎಲೆ ಬಗ್ಗಿಸಲು ಹೋಗಬೇಡಿ. ಮುಟ್ಟದೆಯೇ ಒತ್ತಡ ಸಾಕಿದ್ದರೆ ಅದೇ ಕಾರ್ಖಾನೆಯ ಹೊಂದಾಣಿಕೆ.

#13 ಇಂಗಾಲದಕಣ

ಆ ಕೆಲಸ ನಡೆಯುವಷ್ಟರಲ್ಲಿ ಹ್ಯಾಂಡ್‌ಸೆಟ್ ಬಗ್ಗೆ ಬರೆಯುತ್ತೇನೆ. ಎಲ್ಲರೂ ಗಂಟೆಯ ಹಿಂದೆ ಬೀಳುತ್ತಾರೆ, ಮೈಕನ್ನು ಕೊನೆಗೆ ನೋಡುತ್ತಾರೆ. ಕೆಟ್ಟಿರುವ ಸಾಧ್ಯತೆ ಅದಕ್ಕೇ ಹೆಚ್ಚು.

ಟಿಎಸ್-9ರ ಮಾತಿನ ಕಡೆಯ ಬೇಕಲೈಟ್ ಮುಚ್ಚಳ ತಿರುಗಿಸಿ ತೆಗೆಯುವಂಥದು. ಬಿಗಿದಿದ್ದರೆ ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿ ಅಂಗೈಯಿಂದ ಒತ್ತಿ ತಿರುಗಿಸಿ. ಇಕ್ಕಳ ಹಾಕಿದರೆ ಹೊರ ಅಂಚು ಸಿಡಿಯುತ್ತದೆ.

ಮೈಕಿನ ಬಟ್ಟಲನ್ನು ಹೊರತೆಗೆದು ಮೀಟರನ್ನು ಓಮಿಗೆ ಇಟ್ಟು ಎರಡು ಬಿಂದುಗಳಿಗೆ ತಾಗಿಸಿ. ಬಟ್ಟಲನ್ನು ನಿಂತ ಭಂಗಿಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಅಂಕಿ ಕುಣಿಯಬೇಕು: 30, 90, 50, 120 ಹೀಗೆ. ಕುಣಿದರೆ ಒಳಗಿನ ಇಂಗಾಲದ ಕಣಗಳು ಬಿಡಿಬಿಡಿಯಾಗಿವೆ. ಒಂದೇ ಅಂಕಿಯಲ್ಲಿ ನಿಂತರೆ ಕಣಗಳು ತೇವ ಕುಡಿದು ಅಂಟಿಕೊಂಡಿವೆ. ಸಾವಿರಗಟ್ಟಲೆ ಓಮ್ ತೋರಿಸಿದರೆ ಸಂಪರ್ಕ ಕಳಚಿದೆ, ಇಲ್ಲವೇ ಕಣಗಳೇ ಹಾಳಾಗಿವೆ.

ಅಂಟಿದ ಕಣ ಬಿಡಿಸಲು: ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಬಟ್ಟಲನ್ನು ನಾಲ್ಕೈದು ದಿನ ಇಡಿ. ಒಲೆ, ಓವನ್, ಹೇರ್ ಡ್ರೈಯರ್ ಯಾವುದೂ ಬೇಡ, ಒಳಗಿನ ತೆಳು ಪೊರೆ ಸುಕ್ಕಾಗುತ್ತದೆ. ಒಣಗಿದ ಮೇಲೆ ಬಟ್ಟಲನ್ನು ನಿಲ್ಲಿಸಿ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಅಂಚಿಗೆ ತಟ್ಟಿ. ಕರೆಂಟು ಹರಿಯುವಾಗ ತಟ್ಟಬಾರದು, ಕಣಗಳ ನಡುವೆ ಕಿಡಿ ಹಾರಿ ಬೆಸೆದುಕೊಳ್ಳುತ್ತವೆ. ಜೋರಾಗಿ ಕೇಳಿಸಲಿ ಎಂದು 9 ವೋಲ್ಟ್ ಬ್ಯಾಟರಿ ಹಾಕುವುದೂ ಅದೇ ತಪ್ಪು.

ಬದುಕದಿದ್ದರೆ ಎಲೆಕ್ಟ್ರೆಟ್ ಮೈಕಿನ ಬದಲಿ ಸಿಗುತ್ತದೆ. ಇಂಥ ಬದಲಿಗಳಲ್ಲಿ ಪ್ಲಸ್ ಮೈನಸ್ ಯಾವುದಾದರೂ ನಡೆಯಲಿ ಎಂದು ನಾಲ್ಕು ಡಯೋಡಿನ ಬ್ರಿಜ್ ಹಾಕಿರುತ್ತಾರೆ. ಅದರಲ್ಲೇ 1.4 ವೋಲ್ಟ್ ಹೋಗುತ್ತದೆ. 3 ವೋಲ್ಟಿನ ಫೋನಿನಲ್ಲಿ ಉಳಿಯುವುದು ಅರ್ಧ, ಧ್ವನಿ ಬಾವಿಯೊಳಗಿಂದ ಬಂದಂತೆ. ಬ್ರಿಜ್ ಇಲ್ಲದ್ದನ್ನು ತಗೊಂಡು ಪ್ಲಸ್ ಮೈನಸ್ ನೋಡಿ ಹಾಕಿ. ಹಳೆಯ ಬಟ್ಟಲನ್ನು ಎಸೆಯಬೇಡಿ, ಚೀಟಿ ಬರೆದು ಫೋನಿನ ಜೊತೆಗೇ ಇಡಿ.

ಕೇಳುವ ಕಡೆಯದು ಸುಲಭ. ಒಂದು 1.5 ವೋಲ್ಟ್ ಸೆಲ್ಲನ್ನು ಒಮ್ಮೆ ತಾಗಿಸಿ ತೆಗೆಯಿರಿ, ಟಕ್ ಎಂದು ಸ್ಪಷ್ಟವಾಗಿ ಕೇಳಬೇಕು.

#14 ಸಂತೆಪೇಟೆ

ಮೇಡಂ, ಕಾರ್ಡಿನ ಗತಿ ಏನು? ರಬ್ಬರ್ ಪೂರ್ತಿ ಉದುರುತ್ತಿದೆ. ಸಾಮಾನ್ಯ ವೈರ್ ಬೆಸೆದು ಬಿಡಬಹುದೇ?

#15 ಇಂಗಾಲದಕಣ

ಬೆಸೆಯಲು ಹೋದರೇ ಗೊತ್ತಾಗುತ್ತದೆ, ಹಿಡಿಯುವುದಿಲ್ಲ. ಅದು ಟಿನ್ಸೆಲ್ ತಂತಿ: ನೂಲಿನ ಎಳೆಗೆ ತಾಮ್ರದ ತೆಳು ರೇಕು ಸುತ್ತಿದ್ದು, ಸೀರೆಯ ಜರಿಯ ಹಾಗೆ. ಸಾವಿರಾರು ಸಲ ಬಾಗಿದರೂ ಮುರಿಯದಿರಲಿ ಎಂದು. ಬೆಸುಗೆ ಕಾವಿಗೆ ಒಳಗಿನ ನೂಲು ಸುಟ್ಟು ರೇಕು ಉದುರುತ್ತದೆ. ಮೂಲದಲ್ಲಿ ತುದಿಗಳನ್ನು ಲಗ್ಗಿಗೆ (ತಿರುಪಿಗೆ ಸಿಕ್ಕಿಸುವ ಲೋಹದ ತುಂಡಿಗೆ) ಒತ್ತಿ ಕೂರಿಸಿರುತ್ತಾರೆ.

ಉಳಿಸುವುದಾದರೆ: ತುದಿಯ ಹತ್ತು ಮಿಲಿಮೀಟರನ್ನು ಮಾತ್ರ ಬಿಡಿಸಿ, ಕೂದಲಷ್ಟು ಸಣ್ಣ ತಾಮ್ರದ ತಂತಿಯನ್ನು ಅದರ ಮೇಲೆ ಬಿಗಿಯಾಗಿ ಸುತ್ತಿ, ಹೊಸ ಸ್ಪೇಡ್ ಲಗ್ಗಿನೊಳಗೆ ತೂರಿಸಿ ಇಕ್ಕಳದಿಂದ ಒತ್ತಿ. ಒಂದೊಂದು ಎಳೆಗೂ ಪ್ರತ್ಯೇಕ ಹೀಟ್ ಶ್ರಿಂಕ್ (ಕಾವಿಗೆ ಕುಗ್ಗುವ ಕೊಳವೆ) ತೊಡಿಸಿ, ಕಡಿಮೆ ಕಾವಿನಲ್ಲಿ. ರಬ್ಬರ್ ಪೂರ್ತಿ ಹೋಗಿದ್ದರೆ ಉಳಿಸಲು ಒದ್ದಾಡಬೇಡಿ. ಮಾತಾಡಿಸಲು ಬೇರೆ ಕಾರ್ಡ್ ಹಾಕಿ, ಮೂಲದ್ದನ್ನು ಎಳೆಗಳ ಬಣ್ಣ ಬರೆದುಕೊಂಡು ತೆಗೆದಿಡಿ.

#16 ಸಂತೆಪೇಟೆ

ಎಲೆಗಳು ಶುಚಿಯಾದವು. ಏಳು ಕಾಗದ ಹಿಡಿಯಿತು. ಈಗ ಇಇ-8: ತೆರೆದು 71, ರೆಸಿಸ್ಟರ್ ಹಾಕಿ 54. ಕೂಡಿಸಿ ಸುತ್ತಿದರೆ ಕೈ ತಡೆಯುವಷ್ಟು ಭಾರ. ಟಿಎಐ ಕಡೆ ಗಂಟೆ ಜೋರಾಗಿ ಬಡಿಯುತ್ತಿದೆ. ಆದರೆ ಟಿಎಐ ಸುತ್ತಿದಾಗ ಇಇ-8ರ ಗಂಟೆ ಬರೀ ಗುಂಯ್ ಎನ್ನುತ್ತದೆ.

#17 ತಾಮ್ರದತಂತಿ

ಗುಂಯ್ ಎಂದರೆ ಸುರುಳಿ ಜೀವಂತವಾಗಿದೆ, ಬಡಿಗೆ ನಡುಗುತ್ತಿದೆ, ಗಂಟೆಯ ಬಟ್ಟಲನ್ನು ಮುಟ್ಟುತ್ತಿಲ್ಲ. ಎರಡೇ ಕಾರಣ: ಬಡಿಗೆಯ ಕೀಲಿನಲ್ಲಿ ಎಣ್ಣೆ ಅಂಟಾಗಿದೆ, ಅಥವಾ ಬಟ್ಟಲು ಜರುಗಿದೆ.

ಕೀಲಿಗೆ ಸೂಜಿಮೊನೆಯಷ್ಟು ಐಸೊಪ್ರೊಪೈಲ್ ಬಿಟ್ಟು ಬೆರಳಿನಿಂದ ಬಡಿಗೆಯನ್ನು ಇಪ್ಪತ್ತು ಸಲ ಆಡಿಸಿ, ಒರೆಸಿ. ಮತ್ತೆ ಎಣ್ಣೆ ಬಿಡಬೇಡಿ, ಹೊಲಿಗೆ ಮಿಷನ್ ಎಣ್ಣೆಯನ್ನೂ. ಬಟ್ಟಲಿನ ನಡುತಿರುಪು ಸಡಿಲಿಸಿದರೆ ಬಟ್ಟಲು ಸ್ವಲ್ಪ ಜರುಗುತ್ತದೆ, ಏಕೆಂದರೆ ತೂತು ಸರಿಯಾಗಿ ನಡುವೆ ಇರುವುದಿಲ್ಲ. ಬಡಿಗೆ ತುದಿಗೂ ಬಟ್ಟಲಿಗೂ ವಿಶ್ರಾಂತಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ಸಂದು ಸಾಕು. ತಾಗಿಯೇ ಇದ್ದರೆ ನಾದ ಸತ್ತು ಟಪಟಪ ಎನ್ನುತ್ತದೆ.

ಒಂದು ಪ್ರಶ್ನೆ ನೀವು ಕೇಳುವ ಮೊದಲೇ: ಒಳಗಿನ ಕಾಗದದ ಕೆಪಾಸಿಟರ್ ಬದಲಿಸಬೇಕೇ? ಸೋರುತ್ತಿದ್ದರೂ ಎಲ್‌ಬಿಯಲ್ಲಿ ಬಹುತೇಕ ತೊಂದರೆ ಕೊಡುವುದಿಲ್ಲ. ನನ್ನ ಪ್ರಕಾರ ಬದಲಿಸಿಬಿಡುವುದು ವಾಸಿ, 250 ವೋಲ್ಟಿಗಿಂತ ಮೇಲಿನ ಪಾಲಿಯೆಸ್ಟರ್ ಹಾಕಿ.

#18 ಹಳೇಸರಕು

ಇಲ್ಲಿ ನಾನು ಒಪ್ಪುವುದಿಲ್ಲ ಸರ್. ಕೆಲಸ ಮಾಡುತ್ತಿರುವ ಸರ್ಕಿಟ್ಟಿನಲ್ಲಿ ಎಂಎಫ್‌ಪಿ ವಾರ್ನಿಷ್ ಒಡೆಯದ ಬೆಸುಗೆಯನ್ನು ಮುಂಜಾಗ್ರತೆಗೆಂದು ಬಿಡಿಸಿದರೆ ಆ ಫೋನಿನ ಸಾಕ್ಷ್ಯವೇ ಹೋಯಿತು. ಡಬ್ಬಿಯ ಹೊಟ್ಟೆ ಕೊರೆದು ಹೊಸದನ್ನು ಒಳಗೆ ಅಡಗಿಸುವವರಿದ್ದಾರೆ, ಅದಂತೂ ಮಾಡಬಾರದು. ಆ ಕಾಲದ ಕೆಪಾಸಿಟರುಗಳ ಮೇಣ, ಎಣ್ಣೆಗಳಲ್ಲಿ ಕ್ಲೋರಿನ್ ಬೆರೆತ ವಿಷಕಾರಿ ಸಂಯುಕ್ತಗಳಿರುತ್ತವೆ.

#19 ತಾಮ್ರದತಂತಿ

ಒಪ್ಪಿದೆ, ಕೊರೆಯುವುದು ತಪ್ಪು. ಸಿಬಿ ಬಳಕೆ ಬೇಡದಿದ್ದರೆ ಬಿಟ್ಟುಬಿಡಿ. ಬೇಕೇ ಬೇಕಾದರೆ ಒಂದು ತುದಿ ಮಾತ್ರ ಬಿಡಿಸಿ, ಹಳೆಯದನ್ನು ಅದೇ ಜಾಗದಲ್ಲಿ ಉಳಿಸಿ, ಹೊಸದನ್ನು ಪಕ್ಕದಲ್ಲಿ ಕಾಣುವಂತೆ ಕಟ್ಟಿ. ಅಡಗಿಸಿದ ರಿಪೇರಿ ಮುಂದಿನವರಿಗೆ ಸುಳ್ಳು ಹೇಳುತ್ತದೆ.

#20 ರೀಲು_ಮೈಲು

ತಂತಿಯ ವಿಚಾರ. ಮೇಜಿನ ಮೇಲೆ ಎರಡು ಮೀಟರ್ ವೈರಿನಲ್ಲಿ ಮಾತಾಡಿದರೆ ಎಲ್ಲಾ ಫೋನೂ ಚೆನ್ನಾಗಿಯೇ ಕೇಳಿಸುತ್ತದೆ, ಅದು ಪರೀಕ್ಷೆಯಲ್ಲ. ಇಇ-8 ಜೊತೆಗೆ ಹೋಗುತ್ತಿದ್ದ ಡಬ್ಲ್ಯು-110-ಬಿ ತಂತಿಯಲ್ಲಿ ಒಂದೊಂದು ಎಳೆಗೂ ನಾಲ್ಕು ಉಕ್ಕು, ಮೂರು ತಾಮ್ರದ ನೂಲು. ಯುದ್ಧದ ನಂತರದ ಡಬ್ಲ್ಯುಡಿ-1ರಲ್ಲಿ ತಿರುವುಮುರುವು, ನಾಲ್ಕು ತಾಮ್ರ, ಮೂರು ಉಕ್ಕು. ತಂತಿಯೂ ಸಿಕ್ಕರೆ ನೂಲು ಎಣಿಸಿ, ತುದಿಗೆ ಆಯಸ್ಕಾಂತ ಹಿಡಿದು ನೋಡಿ. ಕಾಲ ಗುರುತಿಸಲು ಸುಲಭದ ದಾರಿ.

ಡಬ್ಲ್ಯುಡಿ-1ರ ಹೋಗಿಬರುವ ಎರಡೂ ಎಳೆ ಸೇರಿ ಮೈಲಿಗೆ 200 ಓಮಿಗೆ ಸ್ವಲ್ಪ ಮೇಲೆ. ಹಾಗಾಗಿ ನಿಮ್ಮ ಲೈನಿನ ಒಂದು ಎಳೆಯಲ್ಲಿ 1 ಕಿಲೋ ಓಮ್ ಹಾಕಿದರೆ ಏಳೆಂಟು ಕಿಲೋಮೀಟರ್ ದೂರದ ಫೋನಿನ ಅಡ್ಡಿ ಸಿಕ್ಕಂತೆ. ತಂತಿಯ ಕೆಪಾಸಿಟನ್ಸ್ ಇದರಲ್ಲಿ ಬರುವುದಿಲ್ಲ, ನಿಜವಾದ ಲೈನಿನಲ್ಲಿ ಧ್ವನಿ ಇನ್ನೂ ಮಂದ. ಆದರೂ ಮೈಕಿನ ಆರೋಗ್ಯ ತಿಳಿಯಲು ಸಾಕು. ರೆಸಿಸ್ಟರ್ ಇದ್ದಾಗಲೂ ಗಂಟೆ ಬಡಿದು ಮಾತು ತಿಳಿದರೆ ಫೋನು ನಿಜಕ್ಕೂ ಬದುಕಿದೆ.

ಒಂದೇ ತಂತಿ ಎಳೆದು ಇನ್ನೊಂದು ತುದಿಯನ್ನು ನೆಲಕ್ಕೆ ಕೊಟ್ಟರೂ ಮಾತಾಡಬಹುದು. ಎರಡೂ ಕಡೆ ಅರ್ಧ ಮೀಟರ್ ಕಬ್ಬಿಣದ ಸರಳು, ಸುತ್ತ ಮಣ್ಣಿಗೆ ನೀರು. ಮನೆಯ ಕರೆಂಟಿನ ಅರ್ಥ್ ಪಿನ್ನಿಗೆ ಮಾತ್ರ ಜೋಡಿಸಬೇಡಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಈ ನೆಲದ ದಾರಿಯೇ ಮುಳುವಾಯಿತು. ಶತ್ರು ತನ್ನ ಕಡೆ ಸರಳು ನೆಟ್ಟು ಮಣ್ಣಿನಲ್ಲಿ ಸೋರಿದ ಮಾತು ಕೇಳಿಸಿಕೊಳ್ಳುತ್ತಿದ್ದ. ಅದಕ್ಕೆ ಉತ್ತರವಾಗಿ 1915ರಲ್ಲಿ ಬ್ರಿಟಿಷ್ ಸೇನೆಯ ಕ್ಯಾಪ್ಟನ್ ಫುಲ್ಲರ್ ರೂಪಿಸಿದ್ದು ಫುಲ್ಲರ್‌ಫೋನ್ ಎಂಬ ಟೆಲಿಗ್ರಾಫ್ ಪೆಟ್ಟಿಗೆ. ಲೈನಿನಲ್ಲಿ ತೀರಾ ಸಣ್ಣ, ಒಂದೇ ದಿಕ್ಕಿನ ಕರೆಂಟು ಕಳಿಸಿ, ಕೇಳುವ ಪೆಟ್ಟಿಗೆಯೊಳಗೆ ಅದನ್ನು ತುಂಡರಿಸಿ ಸದ್ದು ಮಾಡುವ ಉಪಾಯ. ಹೊರಗೆ ಕದ್ದು ಕೇಳುವವನ ಕಿವಿಗೆ ಸದ್ದೇ ಇಲ್ಲ.

#21 ಮಲೆನಾಡಮಳೆ

ಚರ್ಮದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ದೊಡ್ಡ ಶತ್ರು.

ಮೊದಲು ಒಣ ಬಟ್ಟೆ ಒತ್ತಿ ನೋಡಿ. ಕೆಂಪು-ಕಂದು ಪುಡಿ ಹತ್ತಿದರೆ ಚರ್ಮ ಒಳಗಿಂದಲೇ ಕೊಳೆಯುತ್ತಿದೆ, ಎಣ್ಣೆಯಿಂದ ವಾಪಸ್ ಬರುವುದಿಲ್ಲ. ಪುಡಿ ಇಲ್ಲದಿದ್ದರೆ ಮೆದು ಬ್ರಷ್‌ನಿಂದ ಧೂಳು ತೆಗೆದು ಬಿಟ್ಟರೆ ಸಾಕು. ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚುವವರು ಬಹಳ. ಎಣ್ಣೆ ಹಿತ್ತಾಳೆ ರಿವೆಟ್ಟಿನ ಸುತ್ತ ಹಸಿರು ಮೇಣದಂಥ ಕಿಲುಬಾಗುತ್ತದೆ, ಬೂಷ್ಟಿಗೆ ಊಟವಾಗುತ್ತದೆ, ಹೊಲಿಗೆ ದಾರ ಮೆತ್ತಗಾಗುತ್ತದೆ. ಆ ಹಸಿರನ್ನು ಬಿದಿರು ಹಲ್ಲುಕಡ್ಡಿಯಿಂದ ಎತ್ತಿ.

ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಹತ್ತಿ ಬಟ್ಟೆ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿ, ಪಕ್ಕದಲ್ಲಿ ಕಾಲು ಕಿಲೋ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಹುರಿದು ಒಣಗಿಸಿ ಮತ್ತೆ ಇಡಿ. ಬೆಲ್ಟನ್ನು ಮಡಿಸಿದ ಗೆರೆಯಲ್ಲೇ ಬಿಡದೆ ಸಡಿಲವಾಗಿ ಸುತ್ತಿ.

#22 ಸಂತೆಪೇಟೆ

ಬಟ್ಟಲು ಅರ್ಧ ಸುತ್ತು ತಿರುಗಿಸಿದ್ದಕ್ಕೆ ಇಇ-8ರ ಗಂಟೆ ಬಿಡಿಸಿಕೊಂಡಿತು. ಮೈಕ್ ಐದು ದಿನ ಜೆಲ್ ಡಬ್ಬಿಯಲ್ಲಿತ್ತು. ಮೊದಲು 340 ಓಮಿನಲ್ಲಿ ಅಲ್ಲಾಡದೆ ನಿಂತಿದ್ದದ್ದು ಈಗ 40ರಿಂದ 110ರ ನಡುವೆ ಕುಣಿಯುತ್ತಿದೆ. ಬದಲಿ ಕಾರ್ಡ್ ಹಾಕಿ, ನಡುವೆ 1 ಕಿಲೋ ಓಮ್ ಇಟ್ಟು ಎರಡೂ ಕಡೆ ಮಾತು ಸ್ಪಷ್ಟವಾಗಿದೆ. ಟಿಎಐ ಕಡೆಯಿಂದ ಬರುವ ಧ್ವನಿ ಮಾತ್ರ ಸ್ವಲ್ಪ ಸಣ್ಣ.

#23 ಇಂಗಾಲದಕಣ

ಟಿಎಐ ಹ್ಯಾಂಡ್‌ಸೆಟ್ಟಿನ ಒತ್ತುಗುಂಡಿಯನ್ನು ಒತ್ತಿ ಹಿಡಿದು, ಮಾತಾಡುವಾಗ ಸೆಲ್ಲಿನ ವೋಲ್ಟೇಜ್ ಅಳೆಯಿರಿ. 3ರಿಂದ 2.5ಕ್ಕಿಂತ ಕೆಳಗೆ ಬಿದ್ದರೆ ಸೆಲ್ ಹಳತು. ಬೀಳದಿದ್ದರೆ ಗುಂಡಿಯ ಕೆಳಗಿನ ಎಲೆಗಳಿಗೂ ಅದೇ ಕಾಗದದ ಚಿಕಿತ್ಸೆ. ಅದಾದ ಮೇಲೂ ಸಣ್ಣದಿದ್ದರೆ ಮೈಕಿನ ಬಟ್ಟಲು ಜೆಲ್ ಡಬ್ಬಿಗೆ.

#24 ಹಳೇಸರಕು

ಇಲ್ಲಿ ಬರೆದ ಅಂಕಿಗಳನ್ನೆಲ್ಲ ಒಂದು ಚೀಟಿಗೆ ಇಳಿಸಿ ಮುಚ್ಚಳದೊಳಗೆ ಇಡಿ: ಆರ್ಡರ್ ನಂಬರ್, ಎಂಎಫ್‌ಪಿ ತಾರೀಖು, ಶುಚಿ ಮಾಡುವ ಮೊದಲಿನ 12 ವೋಲ್ಟ್, ನಂತರದ 54, ಮೈಕಿನ ಓಮ್, ಬದಲಿಸಿದ ಕಾರ್ಡ್ ಯಾವುದು, ಮೂಲದ್ದು ಎಲ್ಲಿದೆ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಟಿಎಐ ಚೀಟಿಯಲ್ಲಿ ಮಾರಿದವರು "ಜರ್ಮನ್" ಎಂದದ್ದನ್ನೂ, ಅದು ಅಲ್ಲ ಎಂದು ತಿಳಿದದ್ದು ಯಾವ ಅಕ್ಷರದಿಂದ ಎಂಬುದನ್ನೂ ಬರೆದಿಡಿ.

#25 ಸಂತೆಪೇಟೆ

ಬರೆದಿಟ್ಟೆ ಸರ್. ಟಿಎಐ ಸೆಲ್ 2.9ರಲ್ಲೇ ನಿಂತಿತು, ಗುಂಡಿಯ ಎಲೆಗಳಿಂದ ಮೂರು ಕಾಗದ ಕಪ್ಪು ಬಂತು, ಧ್ವನಿ ಎರಡೂ ಕಡೆ ಸಮವಾಯಿತು. ಸೆಲ್ಲುಗಳನ್ನು ಹೊರಗೆ ತೆಗೆದಿದ್ದೇನೆ.